ಕೆಮಿಕಲ್ ಇಕ್ವೇಶನ್ ಬ್ಯಾಲೆನ್ಸ್ ಮಾಡುವಾಗ ಎಲ್ಲಿಂದ ಶುರು ಮಾಡಬೇಕು? ಒಂದು ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ

ವಿ.ಸಿ. ನಾಲೆ (ಮಂಡ್ಯ):

ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ವಿಜ್ಞಾನದ ಮೊದಲ ಪಾಠದಲ್ಲೇ ಸಮೀಕರಣ ಸರಿದೂಗಿಸುವುದು ಬರುತ್ತದೆ. ಮೆಗ್ನೀಸಿಯಂ ಉರಿಯುವುದು, ಹೈಡ್ರೋಜನ್ ಆಕ್ಸಿಜನ್ ಸೇರಿ ನೀರಾಗುವುದು, ಇಂಥವನ್ನು ಸಲೀಸಾಗಿ ಮಾಡುತ್ತಾಳೆ. ಮೂರು ಕಡೆ ಸಿಕ್ಕಿಹಾಕಿಕೊಳ್ಳುತ್ತಾಳೆ.

ಕಾದ ಕಬ್ಬಿಣದ ಮೇಲೆ ನೀರಿನ ಹಬೆ ಹಾಯಿಸುವ ಸಮೀಕರಣ ಒಂದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದ್ದು ಇನ್ನೊಂದು. ಅಲ್ಲಿ ಬ್ರಾಕೆಟ್ ಒಳಗಿನ ಆಕ್ಸಿಜನ್ ಎಣಿಸುವುದೇ ತಲೆನೋವು. ಸೀಸದ ನೈಟ್ರೇಟ್ ಕಾಯಿಸುವುದು ಮೂರನೆಯದು. ಎಡಗಡೆ ಆಕ್ಸಿಜನ್ 6, ಬಲಗಡೆ 7 ಅಂತ ಬಂದು ಅಲ್ಲೇ ನಿಲ್ಲುತ್ತಾಳೆ.

ಇನ್ನೂ ಒಂದು ಇದೆ. ಕಬ್ಬಿಣ–ಹಬೆ ಲೆಕ್ಕದಲ್ಲಿ ಆಕ್ಸೈಡಿನ ಕೆಳಗಿರುವ 3 ಮತ್ತು 4ನ್ನು ತೆಗೆದುಹಾಕಿ, ಎಲ್ಲವೂ ಒಂದೊಂದೇ ಅಂತ ಬರೆದಿದ್ದಾಳೆ. ಎಣಿಸಿ ನೋಡಿದರೆ ಎರಡೂ ಕಡೆ ಸಮ ಇದೆ. ಆದರೂ ತಪ್ಪು ಅಂತ ಗುರುತು ಹಾಕಿದ್ದಾರೆ. ಯಾಕೆ ತಪ್ಪು ಅಂತ ಅವಳಿಗೆ ಹೇಗೆ ಬಿಡಿಸಿ ಹೇಳುವುದು? ಇದಕ್ಕೆಲ್ಲ ಒಂದು ಕ್ರಮ ಇದೆಯಾ, ಇಲ್ಲಾ ಊಹೆ ಮಾಡಿಕೊಂಡೇ ಹೋಗಬೇಕಾ?

ಸೀಮೆಸುಣ್ಣ (ಮೈಸೂರು):

ಕ್ರಮ ಇದೆ. ಸೂತ್ರಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ: ಎಚ್ ಹೈಡ್ರೋಜನ್, ಒ ಆಕ್ಸಿಜನ್, ಎನ್ ನೈಟ್ರೋಜನ್, ಎಸ್ ಗಂಧಕ, ಸಿ ಇಂಗಾಲ, ಎಫ್ಇ ಕಬ್ಬಿಣ, ಎಎಲ್ ಅಲ್ಯೂಮಿನಿಯಂ, ಪಿಬಿ ಸೀಸ, ಸಿಎ ಕ್ಯಾಲ್ಸಿಯಂ. ನೋಟ್‌ಬುಕ್ಕಿನಲ್ಲಿ ಪಠ್ಯಪುಸ್ತಕದಲ್ಲಿರುವ ಹಾಗೇ ಬರೆಸಿ.

ಮೊದಲು ನಿಮ್ಮ ಕೊನೆಯ ಪ್ರಶ್ನೆ ತೆಗೆದುಕೊಳ್ಳೋಣ, ಗೊಂದಲದ ಬೇರು ಇರುವುದು ಅಲ್ಲೇ. ಸೂತ್ರದ ಕಾಲಬುಡದಲ್ಲಿರುವ ಸಣ್ಣ ಅಂಕಿ ಆ ವಸ್ತು ಯಾವುದು ಅಂತ ಹೇಳುತ್ತದೆ. ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿ ಆ ವಸ್ತು ಎಷ್ಟಿದೆ ಅಂತ ಹೇಳುತ್ತದೆ. ಎಚ್₂ಒ ನೀರು. ಅದರ ಕಾಲಿಗೆ ಇನ್ನೊಂದು 2 ಸೇರಿಸಿ ಎಚ್₂ಒ₂ ಅಂದರೆ ಅದು ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಟ್ಟಿತು. ಎರಡು ಅಣು ನೀರು ಬೇಕಾದರೆ 2ಎಚ್₂ಒ ಅಂತಲೇ ಬರೆಯಬೇಕು.

ನಿಮ್ಮ ಮಗಳು ಬರೆದಿರುವುದು ಎಫ್ಇ + ಎಚ್₂ಒ → ಎಫ್ಇಒ + ಎಚ್₂ ಇರಬೇಕು. ಪರಮಾಣುಗಳ ಲೆಕ್ಕ ಸರಿಯೇ ಇದೆ. ಆದರೆ ಕೆಂಪಗೆ ಕಾದ ಕಬ್ಬಿಣಕ್ಕೆ ಹಬೆ ತಾಗಿದಾಗ ಬರುವುದು ಎಫ್ಇ₃ಒ₄, ಅಯಸ್ಕಾಂತಕ್ಕೆ ಅಂಟುವ ಕಪ್ಪು ಆಕ್ಸೈಡ್. ಎಫ್ಇಒ ಬೇರೆಯದೇ ವಸ್ತು. ಪ್ರಶ್ನೆಯಲ್ಲಿ ಕೇಳಿದ ಕ್ರಿಯೆ ಬಿಟ್ಟು ಇನ್ನೊಂದು ಕ್ರಿಯೆಯನ್ನು ಸರಿದೂಗಿಸಿದ ಹಾಗಾಯಿತು. ಅದಕ್ಕೇ ತಪ್ಪು. ಲೆಕ್ಕ ಸರಿ ಕಾಣುವುದರಿಂದ ಮಕ್ಕಳಿಗೆ ಈ ತಪ್ಪು ತಾವಾಗಿಯೇ ಗೊತ್ತಾಗುವುದಿಲ್ಲ, ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.

ಅದಕ್ಕೆ ಮೊದಲ ಹೆಜ್ಜೆ ಹೀಗಿರಲಿ: ಎಲ್ಲ ಸೂತ್ರ ಬರೆದು, ವೇಲೆನ್ಸಿ (ಒಂದು ಧಾತು ಅಥವಾ ಗುಂಪು ಬೇರೆಯವುಗಳ ಜೊತೆ ಕೂಡುವ ಸಾಮರ್ಥ್ಯದ ಅಂಕಿ) ಹಾಕಿ ಸರಿ ಇದೆಯಾ ನೋಡಿ, ಆಮೇಲೆ ಪ್ರತಿ ಸೂತ್ರದ ಸುತ್ತ ಪೆನ್ಸಿಲಿನಲ್ಲಿ ಒಂದು ಚೌಕ. ಚೌಕ ಹಾಕಿದ ಮೇಲೆ ಒಳಗೆ ಕೈ ಹಾಕುವ ಹಾಗಿಲ್ಲ. ಅಂಕಿ ಬರೆಯುವುದು ಚೌಕದ ಎಡಕ್ಕೆ ಮಾತ್ರ. ಎಚ್₂ ಮತ್ತು ಒ ನಡುವೆ 2 ತುರುಕಿ ಬರೆಯುವ ಮಕ್ಕಳಿದ್ದಾರೆ. ಚೌಕ ಇದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ಏಳು ಒಂಟಿ ಧಾತುವಾಗಿ ಬಂದಾಗ ಜೋಡಿ ಪರಮಾಣುವಾಗಿ ಬರುತ್ತವೆ ಅನ್ನುವುದನ್ನೂ ಚೌಕ ಹಾಕುವ ಮುಂಚೆಯೇ ನೋಡಿಕೊಳ್ಳಬೇಕು.

ಎಲ್ಲಿಂದ ಶುರು? ಅತಿ ದೊಡ್ಡ, ಅತಿ ಹೆಚ್ಚು ಪರಮಾಣು ಇರುವ ಸೂತ್ರದಿಂದ. ಕೊನೆಗೆ ಯಾವುದು? ಒಂಟಿ ಧಾತುವಾಗಿ ನಿಂತಿರುವುದು: ಬರೀ ಎಫ್ಇ, ಬರೀ ಒ₂, ಬರೀ ಎಚ್₂. ಒಂಟಿ ಧಾತುವಿನ ಮುಂದಿನ ಅಂಕಿ ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಅಲುಗಾಡುವುದಿಲ್ಲ. ಸಂಯುಕ್ತದ ಮುಂದಿನ ಅಂಕಿ ಬದಲಿಸಿದರೆ ಎರಡು ಮೂರು ಧಾತುಗಳ ಲೆಕ್ಕ ಒಟ್ಟಿಗೆ ಬದಲಾಗುತ್ತದೆ. "ಒಂದು ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ" ಅನ್ನುತ್ತೀರಲ್ಲ, ಅದು ಒಂಟಿ ಧಾತುವನ್ನು ಮೊದಲೇ ಮುಗಿಸಿ, ಆಮೇಲೆ ಸಂಯುಕ್ತಕ್ಕೆ ಕೈ ಹಾಕಿದಾಗ ಆಗುವ ಪಾಡು.

ಈಗ ಕಬ್ಬಿಣ–ಹಬೆ:

ಎಫ್ಇ + ಎಚ್₂ಒ → ಎಫ್ಇ₃ಒ₄ + ಎಚ್₂

ದೊಡ್ಡ ಸೂತ್ರ ಎಫ್ಇ₃ಒ₄. ಅದರಲ್ಲಿ ಆಕ್ಸಿಜನ್ 4. ಎಡಗಡೆ ಆಕ್ಸಿಜನ್ ಬರುವುದು ನೀರಿನಿಂದ ಮಾತ್ರ, ಆದ್ದರಿಂದ 4ಎಚ್₂ಒ. ಈಗ ಹೈಡ್ರೋಜನ್ ಎಡಕ್ಕೆ 8 ಆಯಿತು, ಬಲಕ್ಕೆ 4ಎಚ್₂. ಕೊನೆಗೆ ಒಂಟಿ ಕಬ್ಬಿಣ, 3ಎಫ್ಇ.

3ಎಫ್ಇ + 4ಎಚ್₂ಒ → ಎಫ್ಇ₃ಒ₄ + 4ಎಚ್₂

ಕ್ರಿಯೆಯ ಮುಂಚೆ, ಆಮೇಲೆ ಒಟ್ಟು ರಾಶಿ ಒಂದೇ ಅನ್ನುವ ರಾಶಿ ಸಂರಕ್ಷಣಾ ನಿಯಮವನ್ನು ಇಲ್ಲೇ ಕೈಯಾರೆ ನೋಡಬಹುದು. ಪರಮಾಣು ರಾಶಿ ಕಬ್ಬಿಣಕ್ಕೆ 56, ಆಕ್ಸಿಜನ್‌ಗೆ 16, ಹೈಡ್ರೋಜನ್‌ಗೆ 1 ಅಂತ ಹಿಡಿದರೆ ಎಡಕ್ಕೆ 168 + 72 = 240. ಬಲಕ್ಕೆ 232 + 8 = 240. ಅಣುಗಳ ಸಂಖ್ಯೆ ಮಾತ್ರ ಎಡಕ್ಕೆ 7, ಬಲಕ್ಕೆ 5. ಅಣುಗಳೂ ಸಮ ಬರಬೇಕು ಅಂತ ಕೆಲವು ಮಕ್ಕಳು ಒದ್ದಾಡುತ್ತಾರೆ. ಸಮ ಇರಬೇಕಾದ್ದು ಪರಮಾಣುಗಳು, ಅಣುಗಳಲ್ಲ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್:

ಎಎಲ್(ಒಎಚ್)₃ + ಎಚ್₂ಎಸ್ಒ₄ → ಎಎಲ್₂(ಎಸ್ಒ₄)₃ + ಎಚ್₂ಒ

ಇಲ್ಲಿ ಆಕ್ಸಿಜನ್ ಬಿಡಿಬಿಡಿಯಾಗಿ ಎಣಿಸಲು ಹೋದರೆ ಸೋಲುವುದು ಖಂಡಿತ. ಎಸ್ಒ₄ ಒಡೆಯದೆ ಎಡದಿಂದ ಬಲಕ್ಕೆ ಹಾಗೇ ದಾಟಿಕೊಂಡು ಬಂದಿದೆ, ಅದನ್ನು ಒಂದು ಗಂಟು ಅಂತ ಎಣಿಸಿ. ಬಲಕ್ಕೆ ಮೂರು ಗಂಟು ಇವೆ, ಎಡಕ್ಕೆ 3ಎಚ್₂ಎಸ್ಒ₄. ಅಲ್ಯೂಮಿನಿಯಂ ಬಲಕ್ಕೆ 2, ಎಡಕ್ಕೆ 2ಎಎಲ್(ಒಎಚ್)₃. ಉಳಿದದ್ದು ನೀರು. ನೀರನ್ನು ಎಚ್–ಒಎಚ್ ಅಂತ ಮನಸ್ಸಿನಲ್ಲಿ ಬಿಡಿಸಿಕೊಳ್ಳಿ: ಆಮ್ಲದಿಂದ ಎಚ್ 6, ಹೈಡ್ರಾಕ್ಸೈಡಿನಿಂದ ಒಎಚ್ 6, ಜೋಡಿ ಮಾಡಿದರೆ 6 ನೀರು.

2ಎಎಲ್(ಒಎಚ್)₃ + 3ಎಚ್₂ಎಸ್ಒ₄ → ಎಎಲ್₂(ಎಸ್ಒ₄)₃ + 6ಎಚ್₂ಒ

ಆಮ್ಲ–ಪ್ರತ್ಯಾಮ್ಲದ ಲೆಕ್ಕ ಬಂದಾಗಲೆಲ್ಲ ಈ ಎಚ್–ಒಎಚ್ ಉಪಾಯ ಹಿಡಿಯಿರಿ. ಬ್ರಾಕೆಟ್ ಎಣಿಸಲೇಬೇಕಾಗಿ ಬಂದರೆ, ಹೊರಗಿನ ಅಂಕಿ ಒಳಗಿನ ಪ್ರತಿಯೊಂದಕ್ಕೂ ಗುಣಿಸುತ್ತದೆ: (ಎಸ್ಒ₄)₃ ಅಂದರೆ ಗಂಧಕ 3, ಆಕ್ಸಿಜನ್ 12. ಬಹಳ ಮಕ್ಕಳು 4 + 3 = 7 ಅಂತ ಕೂಡಿಬಿಡುತ್ತಾರೆ.

ಸೀಸದ ನೈಟ್ರೇಟಿನಲ್ಲಿ ಈ ಗಂಟಿನ ಉಪಾಯ ನಡೆಯುವುದಿಲ್ಲ, ಎನ್ಒ₃ ಅಲ್ಲಿ ಒಡೆದುಹೋಗುತ್ತದೆ. ಬಿಡಿಯಾಗಿಯೇ ಎಣಿಸಬೇಕು.

ಪಿಬಿ(ಎನ್ಒ₃)₂ → ಪಿಬಿಒ + ಎನ್ಒ₂ + ಒ₂

ಸೀಸ 1, 1. ನೈಟ್ರೋಜನ್ ಎಡಕ್ಕೆ 2, ಬಲಕ್ಕೆ 2ಎನ್ಒ₂. ಆಕ್ಸಿಜನ್ ಎಡಕ್ಕೆ 6, ಬಲಕ್ಕೆ 1 + 4 = 5, ಅದರ ಮೇಲೆ ಒ₂. ಬೇಕಾಗಿರುವುದು ಇನ್ನೊಂದೇ ಪರಮಾಣು, ಒ₂ ಕೊಡುವುದು ಎರಡು. ಮಗಳು ನಿಂತಿರುವುದು ಇಲ್ಲೇ. ಹೆದರದೆ ಅರ್ಧ ಅಂತ ಬರೆಯಲಿ: ½ಒ₂. ಆಮೇಲೆ ಇಡೀ ಸಮೀಕರಣಕ್ಕೆ 2ರಿಂದ ಗುಣಿಸಲಿ.

2ಪಿಬಿ(ಎನ್ಒ₃)₂ → 2ಪಿಬಿಒ + 4ಎನ್ಒ₂ + ಒ₂

ಆಕ್ಸಿಜನ್ ಎಡಕ್ಕೆ 12. ಬಲಕ್ಕೆ 2 + 8 + 2, ಅದೂ 12. ಅರ್ಧ ಹಾಕುವುದು ತಪ್ಪೇನಲ್ಲ, ದಾರಿಯಲ್ಲಿ ಸಿಗುವ ಒಂದು ಮೆಟ್ಟಿಲು ಅಷ್ಟೇ. ಹತ್ತನೇ ತರಗತಿಯಲ್ಲಿ ಕೊನೆಯ ಉತ್ತರ ಪೂರ್ಣಾಂಕದಲ್ಲಿರಲಿ, ಅದೂ ಅತಿ ಸಣ್ಣ ಪೂರ್ಣಾಂಕದಲ್ಲಿ. 4, 2, 4 ಅಂತ ಬಂದರೆ 2, 1, 2 ಅಂತ ಇಳಿಸಲಿ.

ಅಳಗುಳಿ (ಮೈಸೂರು):

ಮೇಲಿನವರು ಹೇಳಿದ ಚೌಕದ ಮಾತನ್ನೇ ಕೈಗೆ ಸಿಗುವ ಹಾಗೆ ಮಾಡಬಹುದು. ಮನೆಯಲ್ಲಿ ಅಳಗುಳಿ ಮಣೆ ಇದ್ದರೆ ಇಳಿಸಿಕೊಳ್ಳಿ. ಎರಡು ಸಾಲು, ಸಾಲಿಗೆ 7 ಗುಳಿ. ನಿಮ್ಮ ಕಡೆಯ ಸಾಲು ಪ್ರತಿವರ್ತಕ (ಬಾಣದ ಎಡಕ್ಕಿರುವ ವಸ್ತುಗಳು), ಆಚೆ ಸಾಲು ಉತ್ಪನ್ನ (ಬಲಕ್ಕಿರುವವು). ಒಂದು ಗುಳಿ ಅಂದರೆ ಒಂದು ಅಣು. ಒಂದು ಕಾಳು ಅಂದರೆ ಒಂದು ಪರಮಾಣು.

ಹುಣಸೆಬೀಜ ಕಬ್ಬಿಣ, ಅವರೆಕಾಳು ಆಕ್ಸಿಜನ್, ಹೆಸರುಕಾಳು ಹೈಡ್ರೋಜನ್ ಇರಲಿ. ಕಡಲೆಕಾಳು ಇಂಗಾಲಕ್ಕೆ. ಗುಲಗಂಜಿ ಮಾತ್ರ ಬೇಡ, ಬೀಜ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಯಿಗೆ ಹಾಕಿಕೊಂಡುಬಿಡುತ್ತವೆ.

ನಿಯಮ ಎರಡೇ. ಗುಳಿಯಲ್ಲಿ ಎಷ್ಟು ಕಾಳು ಇರಬೇಕು ಅನ್ನುವುದನ್ನು ಸೂತ್ರ ಹೇಳುತ್ತದೆ, ಅದಕ್ಕೆ ಒಂದು ಕಾಳೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಕಡಿಮೆ ಬಿದ್ದರೆ ಹೊಸ ಗುಳಿಯನ್ನೇ ಪೂರ್ತಿ ತುಂಬಬೇಕು. ನೀರಿನ ಗುಳಿ ಅಂದರೆ ಎರಡು ಹೆಸರುಕಾಳು, ಒಂದು ಅವರೆಕಾಳು, ಅಷ್ಟೇ. ಇನ್ನೊಂದು ಆಕ್ಸಿಜನ್ ಬೇಕು ಅಂತ ಅದೇ ಗುಳಿಗೆ ಇನ್ನೊಂದು ಅವರೆ ಹಾಕಿದರೆ ಅದು ನೀರಲ್ಲ. ಸೂತ್ರದ ಮುಂದಿನ ಅಂಕಿ ಗುಳಿಗಳ ಲೆಕ್ಕ, ಸೂತ್ರದ ಕೆಳಗಿನ ಅಂಕಿ ಗುಳಿಯೊಳಗಿನ ಕಾಳಿನ ಲೆಕ್ಕ. ಒಮ್ಮೆ ಕೈಯಲ್ಲಿ ಆಡಿದರೆ ಮಗು ಮತ್ತೆ ಎರಡನ್ನೂ ಕಲಸುವುದಿಲ್ಲ.

ಕಬ್ಬಿಣ–ಹಬೆಗೆ ಆಡಿಸಿ. ಆಚೆ ಸಾಲಿನ ಮೊದಲ ಗುಳಿಯಲ್ಲಿ ಮೂರು ಹುಣಸೆಬೀಜ, ನಾಲ್ಕು ಅವರೆ. ನಾಲ್ಕು ಅವರೆ ಎಲ್ಲಿಂದ ಬರಬೇಕು? ಈಚೆ ಕಡೆ ನಾಲ್ಕು ನೀರಿನ ಗುಳಿ ತುಂಬಬೇಕಾಯಿತು. ಅದರ ಜೊತೆ ಎಂಟು ಹೆಸರುಕಾಳೂ ಬಂದವು. ಅವನ್ನು ಆಚೆ ಸಾಲಿನಲ್ಲಿ ಎರಡೆರಡರಂತೆ ನಾಲ್ಕು ಗುಳಿಗೆ ಹಾಕಿ. ಹುಣಸೆಬೀಜಕ್ಕೆ ಈಚೆ ಕಡೆ ಮೂರು ಗುಳಿ. ಈಚೆ ಸಾಲು 7 ಗುಳಿಯೂ ತುಂಬಿತು, ಆಚೆ 5. ಕಾಳು ಎಣಿಸಿದರೆ ಎರಡೂ ಕಡೆ 15. ಅಣು ಸಮ ಇಲ್ಲ, ಪರಮಾಣು ಸಮ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಬೇಕಿಲ್ಲ.

ಈ ಮಣೆಗೆ ಸರಿಯಾಗಿ ಕೂರುವ ಇನ್ನೆರಡು: ಅಲ್ಯೂಮಿನಿಯಂ ಉರಿಯುವುದು, 4ಎಎಲ್ + 3ಒ₂ → 2ಎಎಲ್₂ಒ₃, ಈಚೆ 7 ಗುಳಿ. ಪ್ರೊಪೇನ್ ಉರಿಯುವುದು, ಸಿ₃ಎಚ್₈ + 5ಒ₂ → 3ಸಿಒ₂ + 4ಎಚ್₂ಒ, ಈಚೆ 6, ಆಚೆ 7. ಪ್ರೊಪೇನ್, ಬ್ಯುಟೇನ್ ಎರಡೂ ನಮ್ಮ ಅಡುಗೆ ಸಿಲಿಂಡರಿನಲ್ಲಿರುವ ಅನಿಲಗಳೇ. ಮಣೆ ಇಲ್ಲದವರು ಇಡ್ಲಿ ತಟ್ಟೆ ಎರಡು ಇಟ್ಟುಕೊಂಡರೂ ಆಯಿತು.

ವಿ.ಸಿ. ನಾಲೆ (ಮಂಡ್ಯ):

ಇಬ್ಬರಿಗೂ ನಮಸ್ಕಾರ. ಗುಳಿ ಮತ್ತು ಕಾಳಿನ ಮಾತು ಅವಳಿಗೆ ಚೆನ್ನಾಗಿ ಹಿಡಿಸಿತು, ಸೀಸದ ನೈಟ್ರೇಟೂ ಬಂತು. ಈಗ ಹೊಸದೊಂದು ಕಡೆ ನಿಂತಿದ್ದಾಳೆ: ಎಫ್ಇ₂ಒ₃ + ಸಿಒ → ಎಫ್ಇ + ಸಿಒ₂. ಆಕ್ಸಿಜನ್ ಎಡಕ್ಕೆ 4, ಬಲಕ್ಕೆ 2. ಸಮ ಮಾಡೋಣ ಅಂತ 2ಸಿಒ₂ ಹಾಕಿದರೆ ಇಂಗಾಲ ತಪ್ಪುತ್ತದೆ. ಅದಕ್ಕೆ 2ಸಿಒ ಹಾಕಿದರೆ ಆಕ್ಸಿಜನ್ 5 ಮತ್ತು 4 ಆಗುತ್ತದೆ. ಸುತ್ತುತ್ತಲೇ ಇರುತ್ತದೆ ಅಂತ ಕೈಬಿಟ್ಟಳು. ಇಲ್ಲಿ ಒಂಟಿ ಧಾತು ಕಬ್ಬಿಣ ಒಂದೇ, ಅದು ಆಕ್ಸಿಜನ್ನಿಗೆ ಸಹಾಯ ಮಾಡುವುದಿಲ್ಲವಲ್ಲ.

ಸೀಮೆಸುಣ್ಣ (ಮೈಸೂರು):

ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದೀರಿ. ಕೈಬಿಟ್ಟದ್ದು ಇನ್ನೊಂದೇ ಹೆಜ್ಜೆ ಇರುವಾಗ. ಇಂಗಾಲ ಸಿಒದಿಂದ ಹೊರಟು ಸಿಒ₂ಕ್ಕೇ ಹೋಗುತ್ತದೆ, ಹಾಗಾಗಿ ಅವೆರಡರ ಮುಂದಿನ ಅಂಕಿ ಯಾವಾಗಲೂ ಒಂದೇ. ಅದು 1 ಆದಾಗ ಆಕ್ಸಿಜನ್ 4 ಮತ್ತು 2. 2 ಆದಾಗ 5 ಮತ್ತು 4. 3 ಆದಾಗ 6 ಮತ್ತು 6. ಅಂತರ ಪ್ರತಿ ಸಲ ಒಂದು ಕಡಿಮೆಯಾಗುತ್ತಿದೆ ನೋಡಿ: 2, 1, 0. ಸುತ್ತುತ್ತಿದೆ ಅನ್ನಿಸುವಾಗ ಅಂತರ ಕಡಿಮೆಯಾಗುತ್ತಿದೆಯಾ ಅಂತ ಬರೆದು ನೋಡಿಕೊಳ್ಳುವ ಅಭ್ಯಾಸ ಮಾಡಿಸಿ.

ಇದಕ್ಕಿಂತ ನೇರ ದಾರಿ, ಕ್ರಿಯೆಯಲ್ಲಿ ಏನಾಗುತ್ತಿದೆ ಅಂತ ಕೇಳಿಕೊಳ್ಳುವುದು. ಒಂದು ಸಿಒ ಅದಿರಿನಿಂದ ಒಂದು ಆಕ್ಸಿಜನ್ ಕಿತ್ತುಕೊಂಡು ಸಿಒ₂ ಆಗುತ್ತದೆ. ಎಫ್ಇ₂ಒ₃ದಲ್ಲಿ ಕೀಳಬೇಕಾದ ಆಕ್ಸಿಜನ್ 3. ಆದ್ದರಿಂದ 3 ಸಿಒ ಬೇಕು.

ಎಫ್ಇ₂ಒ₃ + 3ಸಿಒ → 2ಎಫ್ಇ + 3ಸಿಒ₂

ಎಫ್ಇ₃ಒ₄ ಕೊಟ್ಟರೆ? ಕೀಳಬೇಕಾದ್ದು 4, ಅಂದರೆ 4ಸಿಒ, 4ಸಿಒ₂, 3ಎಫ್ಇ. ಕೈ ಎತ್ತದೆ ಬರೆಯಬಹುದು.

ಆಲೆಮನೆ (ಮಂಡ್ಯ):

ಮಂಡ್ಯದ ಮಗುವಿಗೆ ಮಂಡ್ಯದ್ದೇ ಒಂದೆರಡು ಲೆಕ್ಕ ಕೊಡಿ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು, ಕಬ್ಬಿನಹಾಲು ತಿಳಿಯಾಗಿಸುವ ಕ್ರಿಯೆಗಳು ಬ್ಯಾಲೆನ್ಸ್ ಕಲಿಯಲು ಹೇಳಿ ಮಾಡಿಸಿದಂತಿವೆ.

ಹಿಂಡಿದ ಹಾಲಿಗೆ ಸುಣ್ಣದ ಹಾಲು ಬಿಡುತ್ತಾರೆ. ಆಲೆಮನೆಯ ಕೊಪ್ಪರಿಗೆಗೂ ಸುಣ್ಣದ ತಿಳಿನೀರು ಬೀಳುತ್ತದೆ. ಹಾಲಿನಲ್ಲಿ ಸಹಜವಾಗಿ ಇರುವ ಫಾಸ್ಫೇಟ್ ಜೊತೆ ಸುಣ್ಣ ಸೇರಿ ಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಹತ್ತಿಯಂತೆ ಹೆಪ್ಪುಗಟ್ಟಿ ಕಸ, ಮಣ್ಣು, ಬಣ್ಣವನ್ನು ಹಿಡಿದುಕೊಂಡು ಕೆಳಗೆ ಕೂರುತ್ತದೆ. ಫಾಸ್ಫೇಟ್ ಕಡಿಮೆ ಇದ್ದರೆ ಕಾರ್ಖಾನೆಯಲ್ಲಿ ಫಾಸ್ಫಾರಿಕ್ ಆಮ್ಲ ಸೇರಿಸುತ್ತಾರೆ.

ಸಿಎ(ಒಎಚ್)₂ + ಎಚ್₃ಪಿಒ₄ → ಸಿಎ₃(ಪಿಒ₄)₂ + ಎಚ್₂ಒ

ಮೇಲೆ ಹೇಳಿದ ಗಂಟಿನ ಉಪಾಯ ಪೂರ್ತಿ ಇಲ್ಲಿದೆ. ಪಿಒ₄ ಗಂಟು ಬಲಕ್ಕೆ 2, ಎಡಕ್ಕೆ 2ಎಚ್₃ಪಿಒ₄. ಕ್ಯಾಲ್ಸಿಯಂ 3, ಎಡಕ್ಕೆ 3ಸಿಎ(ಒಎಚ್)₂. ಎಚ್ 6, ಒಎಚ್ 6, ನೀರು 6.

3ಸಿಎ(ಒಎಚ್)₂ + 2ಎಚ್₃ಪಿಒ₄ → ಸಿಎ₃(ಪಿಒ₄)₂ + 6ಎಚ್₂ಒ

ತೂಕ ಹಾಕಿ ನೋಡಲಿ: 222 + 196 = 418, ಬಲಕ್ಕೆ 310 + 108 = 418. ಅಳಗುಳಿ ಮಣೆಯಲ್ಲೂ ಕೂರುತ್ತದೆ, ಈಚೆ 5 ಗುಳಿ, ಆಚೆ 7. ಕ್ಯಾಲ್ಸಿಯಂ ಫಾಸ್ಫೇಟಿನ ಒಂದೇ ಗುಳಿಗೆ 13 ಕಾಳು ಬೀಳುತ್ತವೆ ಅಷ್ಟೇ.

ಇಲ್ಲಿ ಎಡವುವುದು ಸೂತ್ರ ಬರೆಯುವಾಗ. ಕ್ಯಾಲ್ಸಿಯಂ ವೇಲೆನ್ಸಿ 2, ಫಾಸ್ಫೇಟಿಗೆ 3, ಅಡ್ಡ ಬದಲಿಸಿದರೆ ಸಿಎ₃(ಪಿಒ₄)₂. ಮಕ್ಕಳು ಅವಸರದಲ್ಲಿ ಸಿಎಪಿಒ₄ ಅಂತ ಬರೆದು, ಆಮೇಲೆ ಬ್ಯಾಲೆನ್ಸ್ ಮಾಡುತ್ತಾ ಕೂರುತ್ತಾರೆ. ಇಲ್ಲದ ವಸ್ತುವಿಗೆ ಎಷ್ಟು ಲೆಕ್ಕ ಹಾಕಿ ಏನು ಬಂತು? ಬ್ಯಾಲೆನ್ಸ್ ಬರುವುದಿಲ್ಲ ಅನ್ನುವ ಮಕ್ಕಳಲ್ಲಿ ಬಹಳ ಜನಕ್ಕೆ ಬಾರದೆ ಇರುವುದು ವೇಲೆನ್ಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಲ್ಫೇಟ್ 2, ನೈಟ್ರೇಟ್ 1, ಕಾರ್ಬೊನೇಟ್ 2, ಫಾಸ್ಫೇಟ್ 3, ಹೈಡ್ರಾಕ್ಸೈಡ್ 1, ಅಮೋನಿಯಂ 1. ಈ ಆರು ನಾಲಿಗೆಯ ಮೇಲಿದ್ದರೆ ಅರ್ಧ ಕೆಲಸ ಆಯಿತು.

ಇನ್ನೊಂದು. ಬಿಳಿ ಸಕ್ಕರೆ ಮಾಡುವ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಗಂಧಕ ಸುಟ್ಟು ಬಂದ ಹೊಗೆಯನ್ನೂ ಹಾಲಿಗೆ ಹಾಯಿಸುತ್ತಾರೆ.

ಸಿಎ(ಒಎಚ್)₂ + ಎಸ್ಒ₂ → ಸಿಎಎಸ್ಒ₃ + ಎಚ್₂ಒ

ಎಣಿಸಲಿ: ಕ್ಯಾಲ್ಸಿಯಂ 1, 1. ಗಂಧಕ 1, 1. ಹೈಡ್ರೋಜನ್ 2, 2. ಆಕ್ಸಿಜನ್ 4, 4. ಏನೂ ಮಾಡಬೇಕಿಲ್ಲ, ಆಗಲೇ ಸರಿದೂಗಿದೆ. "ಸರಿದೂಗಿಸಿ" ಅಂತ ಕೇಳಿದ್ದಾರೆ ಅಂದಮೇಲೆ ಎಲ್ಲೋ ಒಂದು ಅಂಕಿ ಹಾಕಲೇಬೇಕು ಅಂದುಕೊಂಡು ಕೆಡಿಸುವವರಿದ್ದಾರೆ. ಯಾವುದನ್ನೇ ಆಗಲಿ, ಅಂಕಿ ಹಾಕುವ ಮುಂಚೆ ಒಮ್ಮೆ ಎಣಿಸಬೇಕು.

ಕುಕ್ಕರಹಳ್ಳಿ ಏರಿ (ಮೈಸೂರು):

ಇಷ್ಟೆಲ್ಲ ಉಪಾಯ ಬೇರೆಬೇರೆಯಾಗಿ ನೆನಪಿಡುವ ಬದಲು ಬೀಜಗಣಿತ ಹಿಡಿದರೆ ಎಲ್ಲಕ್ಕೂ ಒಂದೇ ದಾರಿ. ಪಿಯುಸಿಗೆ ಹೋದಾಗ ಹೇಗೂ ಬೇಕಾಗುತ್ತದೆ. ತಾಮ್ರ ಮತ್ತು ಸಾರರಿಕ್ತ ನೈಟ್ರಿಕ್ ಆಮ್ಲ ನೋಡಿ:

ಸಿಯು + ಎಚ್ಎನ್ಒ₃ → ಸಿಯು(ಎನ್ಒ₃)₂ + ಎನ್ಒ + ಎಚ್₂ಒ

ಇಲ್ಲಿ ಗಂಟಿನ ಉಪಾಯ ಕೈಕೊಡುತ್ತದೆ. ನೈಟ್ರೇಟಿನಲ್ಲಿ ಸ್ವಲ್ಪ ಪಾಲು ಒಡೆಯದೆ ತಾಮ್ರದ ಜೊತೆ ಹೋಗುತ್ತದೆ, ಉಳಿದ ಪಾಲು ಒಡೆದು ಎನ್ಒ ಆಗುತ್ತದೆ. ಐದು ವಸ್ತುಗಳಿಗೆ ಕ್ರಮವಾಗಿ ಅ, ಬ, ಕ, ಡ, ಗ ಅಂತ ಅಂಕಿ ಇಡಿ. ತಾಮ್ರ: ಅ = ಕ. ಹೈಡ್ರೋಜನ್: ಬ = 2ಗ. ನೈಟ್ರೋಜನ್: ಬ = 2ಕ + ಡ. ಆಕ್ಸಿಜನ್: 3ಬ = 6ಕ + ಡ + ಗ.

ಕ = 1 ಅಂತ ಹಿಡಿಯಿರಿ. ಬ = 2 + ಡ. ಗ ಅದರ ಅರ್ಧ. ಆಕ್ಸಿಜನ್ನಿನ ಸಾಲಿಗೆ ಹಾಕಿದರೆ 6 + 3ಡ = 7 + 1.5ಡ, ಅಂದರೆ ಡ = ಮೂರನೇ ಎರಡು. ಎಲ್ಲಕ್ಕೂ 3ರಿಂದ ಗುಣಿಸಿ:

3ಸಿಯು + 8ಎಚ್ಎನ್ಒ₃ → 3ಸಿಯು(ಎನ್ಒ₃)₂ + 2ಎನ್ಒ + 4ಎಚ್₂ಒ

8ರಲ್ಲಿ 6 ತಾಮ್ರದ ಜೊತೆ ಹೋದವು, 2 ಒಡೆದವು. ಊಹೆಯಲ್ಲಿ ಇದನ್ನು ಮುಟ್ಟುವುದು ಕಷ್ಟ.

ಸೀಮೆಸುಣ್ಣ (ಮೈಸೂರು):

ಪಿಯುಸಿಗೆ ಒಪ್ಪುತ್ತೇನೆ. ಹತ್ತನೇ ತರಗತಿಗೆ ಒಪ್ಪುವುದಿಲ್ಲ. ಬೀಜಗಣಿತ ಸೂತ್ರದ ತಪ್ಪನ್ನು ಹಿಡಿಯುವುದಿಲ್ಲ. ಮೇಲೆ ಮಗು ಬರೆದಿದ್ದ ಎಫ್ಇಒ ಸಮೀಕರಣವನ್ನೇ ಕೊಟ್ಟು ನೋಡಿ, 1, 1, 1, 1 ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಈ ವಯಸ್ಸಿನಲ್ಲಿ ಯಾವ ವಸ್ತು ಯಾವುದಾಗುತ್ತಿದೆ ಅನ್ನುವ ಕಡೆ ಕಣ್ಣಿರಬೇಕು.

ಬೀಜಗಣಿತಕ್ಕೂ ಮೀರಿದ್ದಿದೆ. ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್, ಸಲ್ಫ್ಯೂರಿಕ್ ಆಮ್ಲದ ಕ್ರಿಯೆಯಲ್ಲಿ ಪೊಟ್ಯಾಸಿಯಂ ಸಲ್ಫೇಟ್, ಮ್ಯಾಂಗನೀಸ್ ಸಲ್ಫೇಟ್, ನೀರು, ಆಕ್ಸಿಜನ್ ಬರುತ್ತವೆ. ಇದೇ ಕ್ರಮದಲ್ಲಿ ಅಂಕಿ ಹಾಕಿದರೆ ಎಡಕ್ಕೆ 2, 5, 3 ಮತ್ತು ಬಲಕ್ಕೆ 1, 2, 8, 5 ಸರಿ ಬರುತ್ತದೆ. 2, 7, 3 ಮತ್ತು 1, 2, 10, 6 ಹಾಕಿದರೂ ಪರಮಾಣು ಲೆಕ್ಕ ಸರಿಯೇ! ಪೆರಾಕ್ಸೈಡ್ ತನ್ನಷ್ಟಕ್ಕೆ ನೀರು, ಆಕ್ಸಿಜನ್ ಆಗಿ ಒಡೆಯುವ ಇನ್ನೊಂದು ಕ್ರಿಯೆ ಇದರೊಳಗೆ ನುಸುಳಿಕೊಳ್ಳುವುದರಿಂದ ಹೀಗೆ. ಯಾವುದು ನಿಜ ಅನ್ನುವುದನ್ನು ಎಲೆಕ್ಟ್ರಾನ್ ಲೆಕ್ಕ ಹೇಳಬೇಕು: ಎರಡು ಪರ್ಮಾಂಗನೇಟ್ 10 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತವೆ, ಒಂದು ಪೆರಾಕ್ಸೈಡ್ 2 ಕೊಡುತ್ತದೆ, ಆದ್ದರಿಂದ 5.

ಕುಕ್ಕರಹಳ್ಳಿ ಏರಿ (ಮೈಸೂರು):

ಸರಿ, ಆ ಮಾತಿಗೆ ಎದುರಾಡುವುದಿಲ್ಲ. ಎಲೆಕ್ಟ್ರಾನ್ ಮಾತು ಬಂತಲ್ಲ, ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಗುಂಪು) ಸಮೀಕರಣದ ಬಗ್ಗೆ ಒಂದು ಎಚ್ಚರಿಕೆ: ಪರಮಾಣು ಸಮ ಆದರೆ ಸಾಲದು, ವಿದ್ಯುದಾವೇಶವೂ ಸಮ ಆಗಬೇಕು. ಸತುವನ್ನು ಬೆಳ್ಳಿಯ ಲವಣದ ದ್ರಾವಣಕ್ಕೆ ಹಾಕಿದಾಗ ಒಂದು ಸತು, ಒಂದು ಬೆಳ್ಳಿ ಅಯಾನು ಅಂತ ಬರೆದರೆ ಎಡಕ್ಕೆ ಆವೇಶ +1, ಬಲಕ್ಕೆ ಸತು ಅಯಾನಿನ +2. ಬೆಳ್ಳಿ ಎರಡು ಬೇಕು. ಹಾಗೇ, ಪಿಯುಸಿಯ ಉಷ್ಣರಸಾಯನದಲ್ಲಿ ½ಒ₂ವನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ; ಒಂದು ಮೋಲ್ ನೀರು ಉಂಟಾಗುವ ಉಷ್ಣವನ್ನು ಹೇಳಬೇಕಾದಾಗ ಎಚ್₂ + ½ಒ₂ → ಎಚ್₂ಒ ಅಂತಲೇ ಬರೆಯುವುದು.

ವಿ.ಸಿ. ನಾಲೆ (ಮಂಡ್ಯ):

ಪರ್ಮಾಂಗನೇಟ್ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇವೆ. ದಿನಕ್ಕೆ ಎಷ್ಟು ಲೆಕ್ಕ ಮಾಡಿಸಲಿ, ಯಾವ ಕ್ರಮದಲ್ಲಿ?

ಸೀಮೆಸುಣ್ಣ (ಮೈಸೂರು):

ದಿನಕ್ಕೆ ಐದು ಸಾಕು. ಪ್ರತಿಯೊಂದಕ್ಕೂ ಕೆಳಗೆ ಎಡ, ಬಲ ಅಂತ ಎರಡು ಕಂಬಸಾಲು ಹಾಕಿ ಧಾತುವಾರು ಎಣಿಕೆ ಬರೆಯಲೇಬೇಕು. ಒಂದು ಅಂಕಿ ಬದಲಿಸಿದ ತಕ್ಷಣ ಆ ಸೂತ್ರದಲ್ಲಿರುವ ಎಲ್ಲ ಧಾತುಗಳ ಎಣಿಕೆಯನ್ನೂ ತಿದ್ದಬೇಕು. 2ಎಚ್₂ಒ ಹಾಕಿ ಹೈಡ್ರೋಜನ್ 4 ಅಂತ ತಿದ್ದಿ, ಆಕ್ಸಿಜನ್ 1 ಅಂತಲೇ ಬಿಡುವುದು ಅತಿ ಸಾಮಾನ್ಯ ತಪ್ಪು.

ಮೊದಲ ದಿನಕ್ಕೆ ಇವು. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯ: 1, 3, 2. ಇಲ್ಲಿ ಎರಡು ಕಡೆಯ 2 ಮತ್ತು 3ಕ್ಕೆ ಲ.ಸಾ.ಅ. 6 ತೆಗೆಯುವುದು ಕಲಿಯುತ್ತಾಳೆ. ಸೋಡಿಯಂ ನೀರಿಗೆ ಬಿದ್ದು ಸೋಡಿಯಂ ಹೈಡ್ರಾಕ್ಸೈಡ್, ಹೈಡ್ರೋಜನ್: 2, 2, 2, 1. ನೀರನ್ನು ಎಚ್–ಒಎಚ್ ಅಂತ ಬಿಡಿಸಿಕೊಂಡರೆ ಕೂಡಲೇ ಬರುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಮ್ಯಾಂಗನೀಸ್ ಕ್ಲೋರೈಡ್, ನೀರು, ಕ್ಲೋರಿನ್: 1, 4, 1, 2, 1. ಕ್ಲೋರಿನ್ ಬಲಗಡೆ ಎರಡು ಕಡೆ ಹಂಚಿಹೋಗಿದೆ, ಹಾಗಾಗಿ ಅದನ್ನು ಮೊದಲು ಮುಟ್ಟದೆ ಆಕ್ಸಿಜನ್ನಿನಿಂದ ಶುರು ಮಾಡಲಿ. ಗ್ಲೂಕೋಸ್ ಉಸಿರಾಟದಲ್ಲಿ ಉರಿಯುವುದು: 1, 6, 6, 6. ಗ್ಲೂಕೋಸಿನಲ್ಲೇ 6 ಆಕ್ಸಿಜನ್ ಇದೆ, ಅದನ್ನು ಕಳೆಯುವುದು ಮರೆತು 9ಒ₂ ಬರೆಯುತ್ತಾರೆ.

ಐದನೆಯದು ಬ್ಯುಟೇನ್, ಸಿ₄ಎಚ್₁₀. ಇಂಗಾಲದಿಂದ 4ಸಿಒ₂, ಹೈಡ್ರೋಜನ್ನಿನಿಂದ 5ಎಚ್₂ಒ, ಆಕ್ಸಿಜನ್ ಬಲಕ್ಕೆ 13. ಬೆಸಸಂಖ್ಯೆ ಬಂತು ಅಂದರೆ ಅರ್ಧ ಬರುತ್ತದೆ ಅಂತ ಅಲ್ಲೇ ಗೊತ್ತಾಗಬೇಕು. ಎಲ್ಲಕ್ಕೂ 2ರಿಂದ ಗುಣಿಸಿದರೆ 2, 13, 8, 10. ಇದು ಅಳಗುಳಿ ಮಣೆಯಲ್ಲಿ ಹಿಡಿಸುವುದಿಲ್ಲ, ಈಚೆ ಸಾಲಿಗೇ 15 ಗುಳಿ ಬೇಕು. ಹಾಳೆಯ ಮೇಲೆ ಮಾಡಿಸಿ.